ಕುತ್ತಿಗೆ ನಿಲ್ಲದ ಮಕ್ಕಳು

ಮುಂಬಯಿಯ ಸಾಂತಾಕ್ರೂಜ್ ಪೂರ್ವದ ಆ ಚಾಳಿನಲ್ಲಿ ತಲೆಯ ಮೇಲೆ ವಿಮಾನ ಹಾದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ, ಸದ್ದು ಹೋದಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಮಲ್ಲವ್ವ ಮಾತ್ರ ನಿಲ್ಲಿಸುವುದಿಲ್ಲ. ಮೂವತ್ತು ವರ್ಷದಿಂದ ವಿಮಾನಗಳ ಜೊತೆ ಜಿದ್ದಿಗೆ ಬಿದ್ದವಳ ಹಾಗೆ ಮಾತಾಡುತ್ತಲೇ ಬಂದಿದ್ದಾಳೆ. ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದ ಮೊಮ್ಮಗಳು ರಂಜನಾಗೆ ಈ ಮುದುಕಿಗೆ ಉತ್ತರ ಕೊಡುವುದಕ್ಕಿಂತ ಯೂನಿವರ್ಸಿಟಿಯ ಪರೀಕ್ಷೆಯೇ ಸಲೀಸು ಅನಿಸುತ್ತಿತ್ತು.

ಈ ಮನೆಯ ಸಂಬಂಧಗಳನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಕಥೆ ಇರುವುದೇ ಅದರಲ್ಲಿ. ಮಲ್ಲವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಅವಳು ತನ್ನ ಮಗಳು ಇಂದ್ರಾಬಾಯಿಯನ್ನು ಸ್ವಂತ ತಮ್ಮ ಧರ್ಮಣ್ಣನಿಗೆ ಕೊಟ್ಟಳು. ಅವರಿಬ್ಬರ ಮಗಳು ರಂಜನಾ. ರಂಜನಾಳನ್ನು ಮಲ್ಲವ್ವನ ಕಿರಿಮಗ, ಅಂದರೆ ಇಂದ್ರಾಬಾಯಿಯ ತಮ್ಮ, ಈಶ್ವರನಿಗೆ ಕೊಡುವುದೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮನೆಯ ಹೆಣ್ಣು ಮನೆಯಲ್ಲೇ ಇರಬೇಕು. ಯಾಕೆ ಎಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಾರೆ. ಹಿಂದಿನವರನ್ನು ಕೇಳೋಣವೆಂದರೆ ಅವರು ಯಾರೂ ಉಳಿದಿಲ್ಲ.

ಈಶ್ವರ ಕೆಟ್ಟವನಲ್ಲ. ಅಂಧೇರಿಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ, ಕುಡಿಯುವುದಿಲ್ಲ. ಕಾಲೇಜಿನ ಮೊದಲ ದಿನ ರಂಜನಾಳ ಬ್ಯಾಗು ಹೊತ್ತು ಲೋಕಲ್ ಹತ್ತಿಸಿದವನೇ ಅವನು. ಹಿರಿಯರ ಕೈಗೆ ಸಿಕ್ಕ ದೊಡ್ಡ ಅಸ್ತ್ರವೂ ಅದೇ. ಹೊರಗಿನ ಗಂಡ ನೈಟ್ ಡ್ಯೂಟಿಗೆ ಕಳಿಸುತ್ತಾನೇನು, ಮಾಮಾ ಆದರೆ ಕಳಿಸುತ್ತಾನೆ ಎಂದು ಧರ್ಮಣ್ಣ ದಿನಕ್ಕೆರಡು ಸಲ ಹೇಳುತ್ತಿದ್ದ.

ಜೆನೆಟಿಕ್ಸ್ ಪಾಠದ ಶೈಲಾ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟರು. ಅವರವರ ಮನೆತನದ ಮೂರು ತಲೆಮಾರನ್ನು ಚಾರ್ಟಿನಲ್ಲಿ ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಒಂದೇ ಕಾಯಿಲೆ ಬಂದವರಿಗೆಲ್ಲ ಕಪ್ಪು ತುಂಬಬೇಕು, ತೀರಿಕೊಂಡವರ ಮೇಲೆ ಓರೆ ಗೀಟು. ರಕ್ತಸಂಬಂಧಿಗಳು ಮದುವೆಯಾಗಿದ್ದರೆ ನಡುವೆ ಜೋಡಿಗೆರೆ.

ರಜೆಯ ದಿನ ರಂಜನಾ ಚಾರ್ಟ್ ಹಾಸಿಕೊಂಡು ಅಜ್ಜಿಯ ಮುಂದೆ ಕುಳಿತಳು. ಮಲ್ಲವ್ವ ಇದನ್ನು ನಿಶ್ಚಯದ ದಿನ ತೋರಿಸುವ ವಂಶಾವಳಿ ಎಂದುಕೊಂಡಳು. ಅಲ್ಲ ಆಯಿ, ಇದು ಕಾಲೇಜಿಂದು ಎಂದು ರಂಜನಾ ಹೇಳುವಾಗಲೇ ವಿಮಾನ ಬಂತು. ಸದ್ದು ಹೋಗುವಷ್ಟರಲ್ಲಿ ಮುದುಕಿ ನಾಲ್ಕು ಹೆಸರು ಮುಂದಿದ್ದಳು.

ಸತ್ತ ಮಕ್ಕಳೂ ಬಂದವು. ಮಲ್ಲವ್ವನವು ಮೂರು, ಇಂದ್ರಾಬಾಯಿಯವು ಎರಡು. ಒಂದಕ್ಕೆ ದೃಷ್ಟಿಯಾಯಿತು, ಒಂದಕ್ಕೆ ಗ್ರಹಣ ತಾಗಿತು, ಇನ್ನೊಂದಕ್ಕೆ ಮುಂಬಯಿ ನೀರು ಒಗ್ಗಲಿಲ್ಲ. ಇಂದ್ರಾಬಾಯಿ ಬಾಣಂತನದಲ್ಲಿ ಮೊಸರು ತಿಂದಳಂತೆ, ಅದಕ್ಕೆ ಎರಡು ಹೋದವು. ಒಂದೊಂದಕ್ಕೂ ಕಾರಣ ಬೇರೆ. ಆದರೆ ಕೊನೆಗೆ ಪ್ರತಿಸಲ ಮುದುಕಿ ಒಂದೇ ಮಾತು ಹೇಳಿದಳು, "ಕುತ್ತಿಗಿ ನಿಲ್ಲಲಿಲ್ಲ, ವರ್ಷ ತುಂಬೂದ್ರೊಳಗ ಹೋತು."

ಐದನೇ ಸಲ ಕೇಳಿದಾಗ ರಂಜನಾಳ ಪೆನ್ನು ನಿಂತಿತು.

ನಿನಗೂ ಈಶ್ವರನಿಗೂ ಗೆರೆ ಎಳೆ ಎಂದು ಮಲ್ಲವ್ವ ಹಟ ಹಿಡಿದಳು. ರಂಜನಾ ಪೆನ್ಸಿಲಿನಲ್ಲಿ ಎಳೆದಳು.

ಶೈಲಾ ಮೇಡಂ ಚಾರ್ಟ್ ನೋಡಿ, ಇದು ವಂಶದಲ್ಲಿ ಇಳಿದು ಬಂದ ಕಾಯಿಲೆ ಇದ್ದೀತು, ಖಚಿತವಾಗಿ ಹೇಳಬೇಕೆಂದರೆ ಟೆಸ್ಟ್ ಆಗಬೇಕು, ಮೊದಲು ನಿನ್ನ ಅಪ್ಪ ಅಮ್ಮನ ರಕ್ತ ಕೊಡಿಸು ಎಂದರು. ಮನೆಯಲ್ಲಿ ಹೇಳಿದರೆ ಧರ್ಮಣ್ಣ ನಕ್ಕುಬಿಟ್ಟ. ರಕ್ತ ನೋಡಿ ಲಗ್ನ ಮಾಡಿದ್ದನ್ನು ಅವನು ಎಲ್ಲೂ ಕಂಡಿರಲಿಲ್ಲವಂತೆ. ಅವಳು ಮತ್ತೆ ಹೇಳಿದಳು, ಅವನು ಟಿವಿ ಜೋರು ಮಾಡಿದ. ಮೂರನೇ ಸಲ ಹೇಳಿದಾಗ ನಗಲಿಲ್ಲ.

"ಭಾನುವಾರ ನಿಶ್ಚಯ. ಒಲ್ಲೆ ಅಂದ್ರ ಸೋಮವಾರದಿಂದ ಕಾಲೇಜು ಬಂದ್. ಬಸ್, ಮುಗೀತು."

ಭಾನುವಾರ ಮಧ್ಯಾಹ್ನ ಅಂಧೇರಿಯಿಂದ ಸಮಾಜದ ಹಿರಿಯ ನೀಲಕಂಠಪ್ಪ ಬಂದ. ಹತ್ತು ಜನ ಹಿಡಿಯದ ಖೋಲಿಯಲ್ಲಿ ಇಪ್ಪತ್ತು ಜನ. ಕುಂಕುಮ, ಸೀರೆ ತಟ್ಟೆಯಲ್ಲಿದ್ದವು. ಎದ್ದು ಒಲ್ಲೆನೆನ್ನಬೇಕು ಎಂದು ರಂಜನಾ ನೋಡುತ್ತಿರುವಾಗಲೇ ಮಲ್ಲವ್ವ ಕಪಾಟಿನ ಮೇಲಿನ ಚಾರ್ಟನ್ನು ತಾನೇ ಇಳಿಸಿ, ಮೊಮ್ಮಗಳು ಬರೆದ ವಂಶಾವಳಿ ನೋಡ್ರಿ ಎಂದು ಎಲ್ಲರ ನಡುವೆ ಹಾಸಿದಳು.

ನೀಲಕಂಠಪ್ಪ ಕನ್ನಡಕ ಏರಿಸಿದ. "ಭಾಳ ಚಂದ ಬರದಾಳ. ಇದೊಂದು ಗೆರಿ ಯಾಕವ್ವಾ ಪೆನ್ಸಿಲ್‌ದು?"

"ಅಳಸಾಕ ಬರಲಿ ಅಂತ," ಎಂದಳು ರಂಜನಾ.

ಧರ್ಮಣ್ಣನ ಮುಖ ಕೆಂಪಾಯಿತು. ನೀಲಕಂಠಪ್ಪ ಅದನ್ನು ಕಾಣದೆ, ಈ ಕಪ್ಪು ಬೊಟ್ಟುಗಳು ಏನು ಎಂದು ಕೇಳಿದ. ರಂಜನಾ ಮೊಣಕಾಲೂರಿ ಬೆರಳಿಟ್ಟು ತೋರಿಸಿದಳು.

"ಇವು ಕುತ್ತಿಗಿ ನಿಲ್ಲದ ಮಕ್ಕಳು. ಮೂರು ಆಯಿವು, ಎರಡು ಅವ್ವನವು. ಜೋಡಿಗೆರಿ ಇದ್ದಲ್ಲೇ ಅದಾವು, ನೋಡ್ರಿ. ನಮ್ಮ ಮನೆತನದಾಗ ಒಂದು ದೋಷ ಅಡಗಿ ಕುಂತಂಗ ಕಾಣತೈತಿ. ಒಬ್ಬರ ಕಡಿಂದ ಬಂದ್ರ ಕೂಸಿಗೆ ಏನೂ ಆಗೂದಿಲ್ಲ. ಇಬ್ಬರ ಕಡಿಂದನೂ ಬಂದ್ರ ಹಿಂಗ. ನಮ್ಮನಮ್ಮೊಳಗ ಕೊಟ್ಕೊಂಡ್ರ ಇಬ್ಬರ ಕಡಿಂದ ಬರೂದು ಹೆಚ್ಚು."

"ನಮ್ಮ ಸಮಾಜದಾಗ ಎಲ್ಲಾರೂ ಮಾಡ್ಕೊಂಡಾರ. ಎಲ್ಲಾರ ಮಕ್ಕಳೂ ಸತ್ತಾವೇನು?" ಎಂದ ನೀಲಕಂಠಪ್ಪ.

"ಎಲ್ಲಾರವೂ ಅಲ್ರಿ. ನಮ್ಮ ಮನ್ಯಾಗ ಐದು ಸತ್ತಾವ. ಮಾಮಾನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಈ ಗೆರಿ ನಾ ಉಳಸೂದಿಲ್ಲ."

ನಾಲ್ಕು ಅಕ್ಷರ ಕಲಿತರೆ ಹೆಣ್ಣುಮಕ್ಕಳು ಹೀಗೇ ಎಂದು ಒಬ್ಬ. ವಿಧಿಯನ್ನು ಕಾಗದದಲ್ಲಿ ಬರೆಯಲಾಗುತ್ತದೆಯೇ ಎಂದು ಇನ್ನೊಬ್ಬ. ಮೊಸರಿನ ಮಾತೂ ಮತ್ತೆ ಬಂತು. ಆಗ ಚಾಳಿನ ಮೇಲೆ ವಿಮಾನ ಬಂತು. ಎಲ್ಲರೂ ಬಾಯಿ ಮುಚ್ಚಿ ಕಾದರು. ಸದ್ದು ಹತ್ತಿರ ಬಂತು, ತಗಡು ನಡುಗಿತು, ದೂರ ಹೋಯಿತು. ರಂಜನಾಗೆ ಏನೋ ಕಮ್ಮಿಯಾದಂತೆ ಅನಿಸಿ ತಲೆಯೆತ್ತಿದಳು. ಅಜ್ಜಿ ಮಾತಾಡಿರಲಿಲ್ಲ.

ಮಲ್ಲವ್ವ ಚಾರ್ಟಿನ ಮೇಲೆ ಬಾಗಿದ್ದಳು. ಓದು ಬರದ ಬೆರಳು ಕಪ್ಪು ಗುರುತುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿತ್ತು.

"ಒಂದು ಬಿಟ್ಟಿ," ಎಂದಳು. "ಈಶ್ವರನ ಹಿಂದೊಂದು ಇತ್ತು. ಹೆಣ್ಣು. ಊರಾಗ ಹುಟ್ಟಿ ಊರಾಗ ಹೋತು. ನಾನ ಇಲ್ಲಿ ಯಾರಿಗೂ ಹೇಳಿಲ್ಲ, ಎಲ್ಲಾರೂ ನನ್ನ ಹಾಲಿಗೇ ಹೆಸರು ಇಡತಾರಂತ. ಅದರ ಕುತ್ತಿಗಿನೂ ನಿಲ್ಲಲಿಲ್ಲ. ಬರಿ."

ರಂಜನಾ ವೃತ್ತ ಬರೆದಳು, ಕಪ್ಪು ತುಂಬಿದಳು, ಓರೆ ಗೀಟು ಎಳೆದಳು. ಈಶ್ವರ ಎದ್ದು ಬಂದು ಮಡಚಿಕೊಳ್ಳುತ್ತಿದ್ದ ಕಾಗದದ ತುದಿ ಹಿಡಿದುಕೊಂಡ. ಅವಳು ಪೆನ್ಸಿಲ್ ಗೆರೆಯನ್ನು ಅಳಿಸಿದಳು. ಮಲ್ಲವ್ವ ಕುಂಕುಮದ ಭರಣಿಯ ಮುಚ್ಚಳ ಹಾಕಿದಳು.

ಧರ್ಮಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದ ಇಂದ್ರಾಬಾಯಿ, ಸೀರೆಯ ತಟ್ಟೆಯನ್ನು ಎತ್ತಿ ಒಳಗಿಡುತ್ತಾ, ಗಂಡನ ಕಡೆ ನೋಡದೆ ಹೇಳಿದಳು:

"ನಾಳೆ ಆಕಿಗೆ ಏಳಕ್ಕ ಕಾಲೇಜಿನ ಡ್ಯೂಟಿ ಐತಿ. ಡಬ್ಬಿ ನಾ ಕಟ್ತೀನಿ. ನೀವು ರಕ್ತ ಕೊಡಾಕ ನನ್ನ ಜೋಡಿ ಬರ್ರಿ."