ಅವ್ವ ನೀರು ಕುಡಿಸಿದ ಸಸಿಗಳು

ಸೊಸೆಗೆ ಕರುಣೆ ಅನ್ನುವುದೇ ಇಲ್ಲ ಎಂದು ನಮ್ಮವ್ವ ಮಂಚಮ್ಮ ನಮ್ಮೂರು ಹಂಗಳದ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಜಗಳ ಟೊಮೊಟೊ ಸಸಿಯದು. ನಾಟಿಗೆ ಇನ್ನೊಂದು ವಾರ ಅನ್ನುವಾಗ ನನ್ನ ಹೆಂಡತಿ ಶಿವರಂಜಿನಿ ಸಸಿಯ ಟ್ರೇಗಳನ್ನು ನೆರಳಿನಿಂದ ಬಿಸಿಲಿಗೆ ಎಳೆದು, ನೀರು ಕಡಿಮೆ ಮಾಡಿದ್ದಳು.

"ಈಗ್ಲೇ ಬಾಯಾರ್ಕೆ ಕಲ್ತ್ರೆ ಒಲದಲ್ಲಿ ತಡ್ಕತವೆ ಕಣತ್ತೆ."

"ಎಳೆ ಮಕ್ಳಂಗವೆ, ಪಾಪ" ಎಂದು ಅವ್ವ ಮುಖ ತಿರುಗಿಸುತ್ತಿದ್ದಳು.

ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ನನಗೆ ಇಬ್ಬರ ಕೈ ಊಟವೂ ಬೇಕು.

ಬೇಸಿಗೆಯಲ್ಲಿ ಟೊಮೊಟೊ ಬೇಡವೇ ಬೇಡ ಎಂದಿದ್ದವರು ಅಪ್ಪ. ಸೊಸೆ ಹಟ ಬಿಡದಿದ್ದಾಗ ಒಂದು ಮಾತಾಯಿತು: ಸಸಿ ಉಳಿದರೆ ಇನ್ನು ಮುಂದೆ ಹೊಲ ಅವಳು ಹೇಳಿದಂತೆ, ಒಣಗಿದರೆ ಎಂದಿನ ಚೆಂಡುಹೂವು.

ನಾಟಿಯಾದ ಮಾರನೇ ಮಧ್ಯಾಹ್ನ ನಾವು ಮೂವರೂ ಹೋಗಿ ನೋಡಿದರೆ ಹೊಲವೆಲ್ಲ ತಲೆಯೆತ್ತಿ ನಿಂತಿತ್ತು. ಬೇಲಿ ಪಕ್ಕದ ಎರಡು ಸಾಲು ಮಾತ್ರ ನೆಲ ಕಚ್ಚಿತ್ತು. ಶಿವರಂಜಿನಿ ಒಂದನ್ನು ಬೆರಳಿನಿಂದ ಎತ್ತಿದಳು. ಉದ್ದನೆಯ, ನೀರು ತುಂಬಿದ ಮೆತ್ತನೆ ಕಾಂಡ. ಅವಳ ಕಣ್ಣು ತುಂಬಿತು. ಸಂಜೆ ಅಪ್ಪ ಹೊಲ ನೋಡಲು ಬರುವವರಿದ್ದರು.

"ನಂದೇ ತಪ್ಪು ಕಣವ್ವ" ಎಂದಳು ಅವ್ವ. "ನೀನು ಆಚೆ ಓದಾಗೆಲ್ಲ ಇವಿದ್ದ ಎಲ್ಡು ಟ್ರೇಗೆ ಚೊಂಬಲ್ಲಿ ನೀರು ಉಯ್ತಿದ್ದೆ. ಜೀವ ತಡೀನಿಲ್ಲ."

ಈಗ ಜಗಳ ಹತ್ತಿಕೊಂಡಿತು ಎಂದುಕೊಂಡೆ. ಹೆಂಡತಿ ಎತ್ತಿದ್ದ ಸಸಿಯನ್ನು ಮೆಲ್ಲಗೆ ಕೆಳಗೆ ಬಿಟ್ಟಳು. ಅವ್ವ ಬೇಲಿಯ ಎಕ್ಕದ ಎಲೆ ಕಿತ್ತು, ಬಿದ್ದ ಸಸಿಗೆ ಬಿಸಿಲು ತಾಗದಂತೆ ಕಡ್ಡಿ ಚುಚ್ಚಿ ಮರೆ ಕಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ಶಿವರಂಜಿನಿಯೂ ಮೂಗು ಒರೆಸಿಕೊಂಡು ಜೊತೆಗೆ ಕೂತಳು.

ಸಂಜೆ ಅಪ್ಪ ಬಂದವರೇ ಆ ಎಲೆಗಳ ಮುಂದೆ ನಿಂತರು. "ಇದೇನ್ಲಾ ರಘುನಾಥ?"

ನಾನು ಸುಳ್ಳು ಹುಡುಕುವಷ್ಟರಲ್ಲಿ ಅವ್ವ ಎದ್ದು ನಿಂತಳು.

"ಇವು ನಾನು ಕದ್ದು ನೀರು ಕುಡ್ಸಿದ್ವು, ಬಿದ್ದೋದ್ವು. ಅವಳು ಬಾಯಾರ್ಸಿದ್ವು ಅಲ್ಲಿ ನಿಂತವೆ. ನೋಡು. ಒಲ ಅವಳ್ಗೇ ಬುಡು."

ಊರಿಗೆಲ್ಲ ಸೊಸೆಯನ್ನು ದೂರಿದ ಬಾಯಿ ಅದು. ಆ ಕ್ಷಣ ಅವ್ವನ ಮೇಲೆ ನನಗೆ ಬಂದಷ್ಟು ಪ್ರೀತಿ ಬೇರೆಂದೂ ಬಂದಿಲ್ಲ. ಅಪ್ಪ ಬಗ್ಗಿ, ವಾಲಿದ್ದ ಒಂದು ಎಲೆಯನ್ನು ನೆಟ್ಟಗೆ ಮಾಡಿ ಮನೆಯ ಕಡೆ ನಡೆದರು. ಅವರ ಒಪ್ಪಿಗೆ ಇರುವುದೇ ಹಾಗೆ.

ಅವ್ವ ಕ್ಯಾನಿನಿಂದ ಮಜ್ಜಿಗೆ ಬಗ್ಗಿಸಿ ಸೊಸೆಗೆ ಹಿಡಿದಳು. "ಮದ್ಯಾನ್ದಿಂದ ಬಿಸ್ಲಲ್ಲಿದ್ದೀಯ, ಕುಡಿ."

"ನನ್ನೂ ಕೆಡಿಸ್ಬುಡ್ತೀರ ಕಣತ್ತೆ."

"ಸಸಿಗೆ ಉಯ್ಯಕಿಲ್ಲ ಬುಡು" ಎಂದಳು ಅವ್ವ, ಲೋಟ ಕೆಳಗಿಳಿಸದೆ. "ನಿಂಗೆ ಉಯ್ಯದು ಮಾತ್ರ ಬುಡಕಿಲ್ಲ."