ಬೆಲ್ಲ ಕುಡಿದ ಜೀಪು

ಡಂಬಳದ ಖಾಸಿಂಸಾಬನ ಜೀಪು ಹದಿನೆಂಟು ದಿನದಿಂದ ಗ್ಯಾರೇಜಿನ ಮುಂದಿನ ಬೇವಿನ ಗಿಡದ ಕೆಳಗೆ ನಿಂತೇ ಇತ್ತು. ಅದಕ್ಕೆ ರೋಗವೇನೂ ಇರಲಿಲ್ಲ. ಮಿಲಿಟರಿ ಹರಾಜಿನಲ್ಲಿ ಬಿಡಿಬಿಡಿಯಾಗಿ ತಂದು, ಎರಡು ವರ್ಷ ಕೂತು ನಟ್ಟಿಗೆ ನಟ್ಟು ಸೇರಿಸಿ ಖಾಸಿಂಸಾಬನೇ ಜೀವ ಕೊಟ್ಟ ಗಾಡಿ ಅದು. ಆದರೆ ಎಂಬತ್ತನೆಯ ಇಸವಿಯ ಆ ಬೇಸಿಗೆಯಲ್ಲಿ ಪೆಟ್ರೋಲು ಕಣ್ಣಿಗೆ ಬೀಳುವುದೇ ಕಷ್ಟವಾಗಿತ್ತು. ಮುಂಡರಗಿಯ ಪಂಪಿನಲ್ಲಿ ‘ಇಲ್ಲ’ ಎಂದು ಬರೆದ ಹಲಗೆಯನ್ನು ಯಾರೂ ಇಳಿಸುತ್ತಿರಲಿಲ್ಲ. ಡೀಸೆಲ್ಲೂ ಸಿಗದೆ ಮುಂಜಾನೆಯ ಬಸ್ಸು ನಿಂತು ತಿಂಗಳಾಗಿತ್ತು.

ಆ ವರ್ಷ ಖಾಸಿಂಸಾಬನ ಮಗಳು ಸಾಬೀರಾ ಎಸ್ಸೆಸ್ಸೆಲ್ಸಿಗೆ ಕೂತಿದ್ದಳು. ಅವಳ ಜೊತೆ ಊರಿನ ಇನ್ನೂ ಐವರು ಹುಡುಗಿಯರು. ಪರೀಕ್ಷೆಯ ಕೇಂದ್ರ ಮುಂಡರಗಿ. ಗಂಡು ಹುಡುಗರು ಸೈಕಲ್ ತುಳಿದುಕೊಂಡು ಹೋಗಿಬಿಡುತ್ತಿದ್ದರು. ಹುಡುಗಿಯರನ್ನು ಕಳಿಸುವುದು ಹೇಗೆ? ಚಕ್ಕಡಿ ಕಟ್ಟಿದರೆ ನಸುಕಿಗೇ ಹೊರಡಬೇಕು, ಮರಳಿ ಮನೆ ಸೇರುವುದು ಸರಿರಾತ್ರಿ. ಪರವೂರಲ್ಲಿ ವಾರಗಟ್ಟಲೆ ಇಡಲು ಯಾವ ತಂದೆಗೂ ಮನಸ್ಸಿಲ್ಲ.

"ಮುಂದಿನ ವರ್ಷ ನೋಡೂಣು ಬಿಡು," ಅಂದ ಆ ಐವರಲ್ಲೊಬ್ಬಳಾದ ದ್ರಾಕ್ಷಾಯಣಿಯ ಅಪ್ಪ ತೋಟಪ್ಪ, ಗ್ಯಾರೇಜಿನ ಮುಂದೆ ಕೂತು. ಮುಂದಿನ ವರ್ಷ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಷ್ಟೊತ್ತಿಗೆ ದ್ರಾಕ್ಷಾಯಣಿಯ ಕೈಯಲ್ಲಿ ಪುಸ್ತಕ ಇರುವುದಿಲ್ಲ, ಹಸಿರು ಬಳೆ ಇರುತ್ತವೆ.

ಖಾಸಿಂಸಾಬ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ಆರೂ ಮಂದೀನ ನಾ ಕರಕೊಂಡ ಹೊಕ್ಕೀನಿ, ತೋಟಪ್ಪ. ಹುಡುಗೀಗೆ ಓದಾಕ ಹೇಳು."

"ಜೀಪಿಗೆ ಏನ ಹಾಕತೀಯೋ? ನೀರು?"

"ಅದನ್ನ ನನಗ ಬಿಡು."

ಮಾತು ಕೊಟ್ಟಾಗ ಅವನಿಗೂ ಏನು ಹಾಕುತ್ತೇನೆಂದು ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಸಾಲೆಯ ವಿಜ್ಞಾನದ ಮಾಸ್ತರ ಪಾಂಡಪ್ಪ. ಬೆಟಗೇರಿಯ ನೇಕಾರರ ಮನೆಯವರು. ಮಗ್ಗದ ಸದ್ದಿನಲ್ಲಿ ಬೆಳೆದುದಕ್ಕೋ ಏನೋ, ಮಾತಾಡುವಾಗ ದನಿ ಜೋರು. ಸೈಕಲ್ಲಿನ ಪಂಕ್ಚರ್ ತಿದ್ದಿಸಲು ಬಂದವರು ಕಥೆಯೆಲ್ಲ ಕೇಳಿ ಅಂದರು: "ಸ್ಪಿರಿಟಿನ ಮ್ಯಾಲೆ ಎಂಜಿನ್ ನಡಿತೈತ್ರಿ, ಖಾಸಿಂಸಾಬ್ರ. ಪುಸ್ತಕದಾಗ ಐತಿ."

"ಪುಸ್ತಕ ಓದಾಕ ನನ್ನ ಜೀಪಿಗೆ ಬರೂದಿಲ್ಲಲ್ರಿ ಮಾಸ್ತರ್."

"ಜೀಪಿಗೆ ಬರೂದಿಲ್ಲ. ಕಲಿಸಾಕ ನಿಮಗ ಬರ್ತೈತಿ."

ಸ್ಪಿರಿಟು ಬೇಕಾದರೆ ಬೆಲ್ಲ ಬೇಕು. ಮುಂಡರಗಿಯ ಒಬ್ಬ ವ್ಯಾಪಾರಿಯ ಗೋದಾಮಿನ ಮಾಳಿಗೆ ಹಿಂದಿನ ಮಳೆಗಾಲದಲ್ಲಿ ಸೋರಿ, ಮೂಲೆಯ ಬೆಲ್ಲದ ಪೆಂಟೆಗಳೆಲ್ಲ ಕರಗಿ ಕಪ್ಪಾಗಿ ನಾರುತ್ತಿದ್ದವು. ದನವೂ ಮೂಸುತ್ತಿರಲಿಲ್ಲ. ಒಯ್ದು ಜಾಗ ಖಾಲಿ ಮಾಡಿಕೊಟ್ಟರೆ ಸಾಕು ಅಂದ ವ್ಯಾಪಾರಿ. ಎರಡು ಚಕ್ಕಡಿ ತುಂಬ ಬಂತು.

ಮನೆಯಲ್ಲಿ ಮಾತ್ರ ಕೆಲಸ ಕೆಟ್ಟಿತು.

ಖಾಸಿಂಸಾಬನ ಹೆಂಡತಿ ಜೈಬುನ್ನೀಸಾ ಬಳೆ ಮಾರುವವಳು. ಬುಟ್ಟಿ ಹೊತ್ತು ಸುತ್ತಲ ಹಳ್ಳಿ ತಿರುಗುವ ಅವಳಿಗೆ, ಕುಡಿದ ಗಂಡಂದಿರು ತಿರುವಿ ನೋಯಿಸಿದ ಕೈಗಳು ಎಷ್ಟು ಎಂದು ಗೊತ್ತಿತ್ತು. ಆ ಕೈಗಳಿಗೇ ಅವಳು ಬಳೆ ತೊಡಿಸಬೇಕಿತ್ತು. ಸುದ್ದಿ ಕೇಳಿದವಳೇ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು.

"ನಮ್ಮ ಹಿತ್ತಲದಾಗ ಸಾರಾಯಿ ಕಾಸ್ತೀರಿ?"

"ಕುಡ್ಯಾಕಲ್ಲ, ಜೈಬು. ಜೀಪಿಗೆ."

"ಜೀಪಿಗೆ ಹರಾಮು ಹಲಾಲು ಗೊತ್ತಿಲ್ಲ. ನಿಮಗ ಗೊತ್ತೈತಿ."

ಮೂರು ದಿನ ಅವಳು ಗಂಡನ ಜೊತೆ ಮಾತಾಡಲಿಲ್ಲ. ಖಾಸಿಂಸಾಬನಿಗೂ ಒಳಗೊಳಗೆ ಚುಚ್ಚುತ್ತಿತ್ತು. ಅವನ ಅಪ್ಪ ಸೇಂದಿ ಅಂಗಡಿಯ ಮುಂದೆ ಹಾಯಬಾರದೆಂದು ಸುತ್ತು ಹಾಕಿಕೊಂಡು ಹೋಗುತ್ತಿದ್ದವನು. ಶುಕ್ರವಾರದ ನಮಾಜಿನಲ್ಲಿ ಬಾಗಿದಾಗಲೂ ತಲೆಯಲ್ಲಿ ಅದೇ ಮಾತು. ಆದರೂ ಅವನು ಡ್ರಮ್ಮು ತೊಳೆಯುವುದನ್ನು ಬಿಡಲಿಲ್ಲ. ಅಪ್ಪನಿಗೆ ಮಗಳು ಪರೀಕ್ಷೆಗೆ ಕೂರುವ ಪ್ರಸಂಗ ಬಂದಿರಲಿಲ್ಲ, ತನಗೆ ಬಂದಿದೆ ಅಂದುಕೊಂಡ.

ನಾಲ್ಕನೆಯ ದಿನ ಮುಂಜಾನೆ ಜೈಬುನ್ನೀಸಾ ಹಿತ್ತಲಿಗೆ ಬಂದಳು. "ಒಂದು ಕರಾರು," ಅಂದಳು. "ಅದು ನಳಿಗೆಯಿಂದ ಬೀಳೂ ಮುಂದನ, ನನ್ನ ಕಣ್ಣ ಮುಂದನ, ಅದರಾಗ ಏನರ ಹಾಕಿ ಕೆಡಸಬೇಕು. ಮನಶಾ ಅನ್ನವ ಬಾಯಿಗೆ ಇಟ್ಟರ ಜನ್ಮದಾಗ ಮರೀಬಾರದು. ಒಂದು ಹನಿ ಚಲೋ ಉಳೀಬಾರದು. ಇದಕ್ಕ ಒಪ್ಪಿದ್ರ ನಾನೂ ಕೈ ಹಾಕತೀನಿ."

"ಒಪ್ಪಿದೆ," ಅಂದ ಖಾಸಿಂಸಾಬ, ಅವಳು ಮಾತು ಮುಗಿಸುವ ಮೊದಲೇ.

ಬೆಲ್ಲ ಕರಗಿಸಿ, ಗದಗಿನ ಬೇಕರಿಯಿಂದ ಮಾಸ್ತರರು ತಂದ ಹುದುಗು ಬೆರೆಸಿ, ಡ್ರಮ್ಮುಗಳ ಬಾಯಿ ಕಟ್ಟಿದರು. ಐದು ದಿನಕ್ಕೆ ಒಳಗಿನ ಕುದಿತ ತಣ್ಣಗಾಯಿತು. ಒಲೆಗೆ ಏರಿಸಿ ಇಳಿಸಿದ ಮೊದಲ ಸಲದ ಮಾಲು ಕೆಲಸಕ್ಕೆ ಬರಲಿಲ್ಲ. ಮಾಸ್ತರರು ಅದರಲ್ಲಿ ಅರಿವೆ ಅದ್ದಿ ಕಡ್ಡಿ ಗೀರಿದರು. ನೀಲಿ ಉರಿ ಎದ್ದು ಆರಿತು, ಅರಿವೆ ಹಸಿಯಾಗಿಯೇ ಉಳಿಯಿತು.

"ನೀರು ಭಾಳ ಐತ್ರಿ. ಉಗಿ ಸೀದಾ ಏರಬಾರದು. ಕೊಳವಿಯೊಳಗ ಗಾಜಿನ ಚೂರು ತುಂಬಬೇಕು. ಅದಕ್ಕ ಹಾಯಕೋತ, ತಡಕೋತ ಏರಿದರ ನೀರು ಹಿಂದಕ್ಕ ಬೀಳತೈತಿ, ಸ್ಪಿರಿಟು ಮುಂದಕ್ಕ ಬರ್ತೈತಿ."

ಜೈಬುನ್ನೀಸಾ ಒಳಗೆ ಹೋದಳು. ಗಾಜಿನವರಿಗೆ ತೂಕಕ್ಕೆ ಕೊಡಲೆಂದು ವರ್ಷದಿಂದ ಕೂಡಿಟ್ಟಿದ್ದ ಬಳೆಯ ಚೂರುಗಳ ಎರಡು ಚೀಲ ಎಳೆದು ತಂದಳು. ಆಳೆತ್ತರದ ಕಬ್ಬಿಣದ ಕೊಳವೆಯೊಳಗೆ ಕೆಂಪು, ಹಸಿರು, ನೀಲಿ ಚೂರುಗಳನ್ನು ತಾನೇ ಬೊಗಸೆಯಿಂದ ಸುರಿದಳು. ಎರಡನೆಯ ಸಲ ಇಳಿಸಿದ್ದನ್ನು, ಉಳಿದ ನೀರು ಹೀರಲೆಂದು, ಸುಣ್ಣದ ಹರಳಿನ ಮೇಲೆ ಒಂದು ದಿನ ಇಟ್ಟು ಸೋಸಿ ಮತ್ತೆ ಕಡ್ಡಿ ಗೀರಿದಾಗ, ಅರಿವೆ ಉರಿದು ಬೂದಿಯಾಯಿತು.

ಇನ್ನು ಕೆಡಿಸುವ ಕೆಲಸ. ಶೇಂಗಾದ ಎಣ್ಣೆ ಹಾಕಿದರು, ಬೇರೆಯಾಗಿ ನಿಂತಿತು. ಕುಸುಬಿಯೆಣ್ಣೆಯೂ ಹಾಗೆಯೇ. ಕಡೆಗೆ ಜೈಬುನ್ನೀಸಾ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಬಾಟಲಿ ಬಗ್ಗಿಸಿದಳು. ಅದು ಸ್ಪಿರಿಟಿನೊಳಗೆ ಗುರುತು ಸಿಗದಂತೆ ಕರಗಿಹೋಯಿತು. ಮಾಸ್ತರರು ಕುಣಿಯುವುದೊಂದು ಬಾಕಿ. "ಎಂಜಿನ್ನಿಗೆ ಜಾರೂ ಎಣ್ಣಿನೂ ಆತು, ಕುಡಿದವಗ ಜುಲಾಬೂ ಆತು!" ಅಂದರು. ಜೈಬುನ್ನೀಸಾ ಆವತ್ತು ಮೊದಲ ಸಲ ನಕ್ಕಳು. ಅಂದಿನಿಂದ ನಳಿಗೆಯ ಕೆಳಗಿನ ಪಾತ್ರೆಗೆ ಮೊದಲು ಔಡಲೆಣ್ಣೆ ಸುರಿದೇ ಒಲೆ ಹೊತ್ತಿಸುತ್ತಿದ್ದಳು.

ಇಷ್ಟಾದರೂ ಜೀಪು ಒಪ್ಪಲಿಲ್ಲ. ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲಿಗಿಂತ ಇದು ಹೆಚ್ಚು ಬೇಕು, ಕಾರ್ಬೊರೇಟರಿನಲ್ಲಿ ಇಂಧನ ಬಿಡುವ ಜೆಟ್ಟಿನ ತೂತು ದೊಡ್ಡದಾಗಬೇಕು. ಎಷ್ಟು ದೊಡ್ಡದು? ಅದು ಮಾಸ್ತರರ ಪುಸ್ತಕದಲ್ಲೂ ಇರಲಿಲ್ಲ. ಖಾಸಿಂಸಾಬ ಕೂದಲೆಳೆಯಷ್ಟು ಕೊರೆಯುವುದು, ಜೋಡಿಸುವುದು, ಹ್ಯಾಂಡಲ್ ತಿರುವುವುದು, ಮತ್ತೆ ಬಿಚ್ಚುವುದು. ಒಂದು ಜೆಟ್ಟು ಹೆಚ್ಚು ಕೊರೆದು ಹಾಳಾಯಿತು. ಹಿತ್ತಾಳೆಯ ಸ್ಕ್ರೂ ಅರೆದು ತಾನೇ ಇನ್ನೊಂದು ಮಾಡಿದ. ರಬ್ಬರ್ ಪೈಪು ಉಬ್ಬಿ ಬಿರಿಯಿತು, ತಾಮ್ರದ್ದು ಹಾಕಿದ. ಕಿಡಿ ಸ್ವಲ್ಪ ಮುಂಚೆ ಹಾರಲೆಂದು ಡಿಸ್ಟ್ರಿಬ್ಯೂಟರನ್ನು ತಿರುವಿದ. ಒಳಗೆ ಹೋಗುವ ಗಾಳಿ ಬಿಸಿಯಿರಲೆಂದು ಹೊಗೆಯ ಕೊಳವೆಗೆ ತಗಡು ಸುತ್ತಿ ಅಲ್ಲಿಂದ ದಾರಿ ಮಾಡಿಕೊಟ್ಟ. ಅಂಗೈಯ ಚರ್ಮ ಸುಲಿದು ಊಟದ ತಟ್ಟೆ ಹಿಡಿಯಲೂ ಆಗುತ್ತಿರಲಿಲ್ಲ.

ಪರೀಕ್ಷೆಗೆ ಐದು ದಿನ ಉಳಿದಿತ್ತು. ಮಸಿಯ ದೌತಿಯಲ್ಲಿ ಉಳಿಸಿಟ್ಟ ಪೆಟ್ರೋಲಿನಿಂದ ಒಂದು ಚಮಚ ಕಾರ್ಬೊರೇಟರಿನ ಬಾಯಿಗೆ ಹಾಕಿ ಹ್ಯಾಂಡಲ್ ತಿರುವಿದ. ಎಂಜಿನ್ನು ಚಾಲೂ ಆಯಿತು. ಪೆಟ್ರೋಲು ಮುಗಿದಾಗ ಒಮ್ಮೆ ಮುಗ್ಗರಿಸಿತು. ಎಂಜಿನ್ನು ತಾನಾಗಿಯೇ ಸಂಭಾಳಿಸಿಕೊಂಡು ಒಂದೇ ಸಮ ನಡೆಯತೊಡಗಿತು. ಹೊಗೆಯ ಕೊಳವೆಯಿಂದ ಬಾಣಲೆಯಲ್ಲಿ ಎಣ್ಣೆ ಕಾಯಲು ಇಟ್ಟಂಥ ವಾಸನೆ ಬರುತ್ತಿತ್ತು.

"ಅಬ್ಬಾ, ನಡೀತು!" ಸಾಬೀರಾ ಭೂಗೋಳದ ಪುಸ್ತಕ ಹಿಡಿದುಕೊಂಡೇ ಓಡಿಬಂದಳು.

"ನೀ ಓದು ಹೋಗವ್ವಾ. ಇದು ನಡದಿದ್ದಕ್ಕ ನಿನಗ ಮಾರ್ಕ್ಸ್ ಕೊಡೂದಿಲ್ಲ," ಅಂದ.

ಅದೇ ವಾರ ಒಂದು ಎಡವಟ್ಟಾಯಿತು. ಊರಿನ ಕುಡುಕ ಮೈಲಾರಪ್ಪ ಹಿತ್ತಲಿನಿಂದ ಒಂದು ಡಬ್ಬಿ ಎತ್ತಿಕೊಂಡು ಹೋಗಿ ಮೂಗು ಮುಚ್ಚಿ ಕುಡಿದ. ಎರಡು ದಿನ ಅವನು ಕೆರೆಯ ಹಿಂದಿನ ಜಾಲಿಯ ಪೊದೆ ಬಿಟ್ಟು ಈಚೆ ಬರಲಿಲ್ಲ. ಊರು ಬಿದ್ದು ಬಿದ್ದು ನಕ್ಕಿತು. ಆ ಸಿಟ್ಟಿಗೆ ಮೈಲಾರಪ್ಪ ಮುಂಡರಗಿಯ ಸಂತೆಯಲ್ಲಿ, ಖಾಸಿಂಸಾಬ ಕಳ್ಳಭಟ್ಟಿ ಇಟ್ಟಾನೆ ಎಂದು ಸಾರಿಕೊಂಡು ಬಂದ.

ಪರೀಕ್ಷೆ ಶುರುವಾಯಿತು. ಹುಡುಗಿಯರ ಜೊತೆ ಹೆಣ್ಣುಮಗಳೊಬ್ಬಳು ಇರಲೇಬೇಕೆಂದು ತಂದೆಯರು ಹೇಳಿದ್ದರಿಂದ ಜೈಬುನ್ನೀಸಾ ದಿನಾ ಹೋಗುತ್ತಿದ್ದಳು. ಎರಡು ದಿನ ಸುಸೂತ್ರ ನಡೆಯಿತು. ಮೂರನೆಯ ದಿನ ಗಣಿತ. ಹುಡುಗಿಯರು ಜೀಪು ಹತ್ತಿ ಕೂತಿದ್ದರು. ಆಗ ಮೋಟಾರ್‌ಸೈಕಲ್ಲಿನಲ್ಲಿ ಅಬಕಾರಿ ಇನ್ಸ್‌ಪೆಕ್ಟರು, ಹಿಂದೆ ಒಬ್ಬ ಪೇದೆ, ಬಂದು ಇಳಿದರು.

"ಭಟ್ಟಿ ಎಲ್ಲಿ?"

"ಹಿತ್ತಲದಾಗ ಐತ್ರಿ, ಸಾಹೇಬ್ರ. ಮುಚ್ಚಿಟ್ಟಿಲ್ಲ," ಅಂದ ಖಾಸಿಂಸಾಬ. "ಗಾಡ್ಯಾಗ ಹಾಕಿದ್ದೂ ಅದನ."

"ಹಂಗಿದ್ರ ಗಾಡಿ ಅಲುಗಾಡಂಗಿಲ್ಲ. ಜಪ್ತಿ."

ಖಾಸಿಂಸಾಬ ಕೈ ಮುಗಿಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕೇಸ್ ಹಾಕ್ರಿ. ನನ್ನ ಬೇಕಾದಲ್ಲಿ ಕೂಡ್ರಸ್ರಿ. ಹತ್ತೂವರಿಗೆ ಈ ಹುಡುಗ್ಯಾರದು ಗಣಿತ ಐತಿ. ಪೇದೆಯವರನ್ನ ಭಟ್ಟಿ ಕಾಯಾಕ ಬಿಡ್ರಿ, ನೀವು ನನ್ನ ಬಾಜೂಕ ಕುಂಡ್ರಿ. ಓಡಿ ಹೋಗೂದಿದ್ರ ನಿಮ್ಮ ಕಣ್ಣ ಮುಂದನ ಹೊಕ್ಕೀನಿ."

ಇನ್ಸ್‌ಪೆಕ್ಟರು ಹಿಂದೆ ನೋಡಿದರು. ಆರು ಎಣ್ಣೆ ಹಚ್ಚಿದ ತಲೆಗಳು, ಆರು ಜೊತೆ ಹೆದರಿದ ಕಣ್ಣುಗಳು. ನಡುವೆ ಕೂತಿದ್ದ ಜೈಬುನ್ನೀಸಾ ಮಾತ್ರ ಹೆದರಿರಲಿಲ್ಲ, ನೆಟ್ಟಗೆ ಅವರನ್ನೇ ನೋಡುತ್ತಿದ್ದಳು. ಅವರು ಗಡಿಯಾರ ನೋಡಿಕೊಂಡು ಮುಂದಿನ ಸೀಟಿಗೆ ಹತ್ತಿದರು.

ಅರ್ಧ ದಾರಿಯಲ್ಲಿ ಎಂಜಿನ್ನು ಉಸಿರುಗಟ್ಟಿದಂತೆ ಎಳೆದು ನಿಂತುಬಿಟ್ಟಿತು. ಸುತ್ತ ಎರೆಹೊಲ, ಒಂದು ಗಿಡವೂ ಇಲ್ಲ. ಒಬ್ಬ ಹುಡುಗಿ ಬಿಕ್ಕತೊಡಗಿದಳು.

"ಅಳಬ್ಯಾಡ. ಸೂತ್ರ ಹೇಳಿಕೋತ ಕುಂಡ್ರು," ಅಂದ ಖಾಸಿಂಸಾಬ, ಬಾನೆಟ್ ಎತ್ತುತ್ತ. ಅವನಿಗೆ ಕಾರಣ ಹೊಳೆದಿತ್ತು. ಹಳೆಯ ಟಾಂಕಿಯಲ್ಲಿ ವರ್ಷಗಟ್ಟಲೆ ಅಂಟಿಕೊಂಡಿದ್ದ ತುಕ್ಕನ್ನೆಲ್ಲ ಸ್ಪಿರಿಟು ಎಬ್ಬಿಸಿ ತಂದು ಫಿಲ್ಟರಿಗೆ ತುಂಬಿತ್ತು. ಗಾಜಿನ ಬಟ್ಟಲು ಬಿಚ್ಚಿದ. ಇಡಲು ಜಾಗ ಕಾಣದೆ ಪಕ್ಕಕ್ಕೆ ಕೈ ಚಾಚಿದ. ಇನ್ಸ್‌ಪೆಕ್ಟರು ಅದನ್ನು ಹಿಡಿದುಕೊಂಡರು. ಜಾಲರಿಯನ್ನು ಊದಿದ, ತೊಳೆದ, ಮತ್ತೆ ಊದಿದ. ಬಾಯಿ ತುಂಬ ತುಕ್ಕು ಮತ್ತು ಔಡಲೆಣ್ಣೆ. ಏಳು ನಿಮಿಷಕ್ಕೆ ಎಂಜಿನ್ನು ಮತ್ತೆ ಚಾಲೂ ಆಯಿತು. ಹಿಂದಿನಿಂದ ದ್ರಾಕ್ಷಾಯಣಿ ವೃತ್ತದ ಕ್ಷೇತ್ರಫಲ ಹೇಳುತ್ತಲೇ ಇದ್ದಳು.

ಮುಂಡರಗಿಯಲ್ಲಿ ಪರೀಕ್ಷೆಯ ಎರಡನೆಯ ಗಂಟೆ ಬಾರಿಸುವಾಗ ಜೀಪು ಸಾಲೆಯ ಬಾಗಿಲಿಗೆ ನಿಂತಿತು. ಹುಡುಗಿಯರು ಓಡಿದರು. ಆರನೆಯವಳೂ ಒಳಗೆ ಹೋಗುವವರೆಗೆ ಖಾಸಿಂಸಾಬ ಸ್ಟೇರಿಂಗ್ ಬಿಡಲಿಲ್ಲ. ಆಮೇಲೆ ಇಳಿದು ಇನ್ಸ್‌ಪೆಕ್ಟರ ಮುಂದೆ ನಿಂತ. "ಈಗ ನಿಮ್ಮ ಕೆಲಸ ಮಾಡ್ರಿ."

ಅವರು ಜೀಪಿನ ಹಿಂದಿದ್ದ ಸ್ಪಿರಿಟಿನ ಕ್ಯಾನಿನೊಳಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಮುಖ ಹಿಂಡಿದರು. "ಯಾರ ಬುದ್ಧಿ ಇದು?"

"ನಂದು," ಅಂದಳು ಜೈಬುನ್ನೀಸಾ.

ಇನ್ಸ್‌ಪೆಕ್ಟರು ಬಹಳ ಹೊತ್ತು ಉಗುಳಿ, ನೀರು ಮುಕ್ಕಳಿಸಿ ಹೇಳಿದರು: "ಇದನ್ನ ಯಾರೂ ಕುಡಿಯಂಗಿಲ್ಲ, ಖರೆ. ಆದ್ರ ಪರವಾನಗಿ ಇಲ್ಲದ ಭಟ್ಟಿ ಇಳಿಸೂದು ಗುನ್ನೆ. ಭಟ್ಟಿ ನಾ ಒಯ್ಯತೀನಿ, ಕೇಸೂ ಆಗತೈತಿ. ಕ್ಯಾನಿನ್ಯಾಗ ಇರೂದು ಎಣ್ಣಿ ಅಂತ ಬರೀತೀನಿ. ಅದೂ ಗಾಡೀನೂ ನಿಮ್ಮ ಹತ್ರನ ಇರಲಿ."

ಆದರೆ ಕಡೆಯ ಡ್ರಮ್ಮಿನ ಬೆಲ್ಲದ ನೀರನ್ನು ಇನ್ನೂ ಕಾಸಿರಲಿಲ್ಲ, ಈಗ ಕಾಸಲು ಭಟ್ಟಿಯೇ ಇಲ್ಲ. ಕ್ಯಾನುಗಳಲ್ಲಿ ಉಳಿದಿದ್ದು ಎರಡು ದಿನಕ್ಕೆ ಸಾಕಾಗುವಷ್ಟು. ಪರೀಕ್ಷೆ ಇನ್ನೂ ಮೂರು. ಖಾಸಿಂಸಾಬ ಆ ಸಂಜೆಯೇ ಜೀಪಿನ ಛತ್ತು ಬಿಚ್ಚಿದ. ಹಿಂದಿನ ಬಾಗಿಲು, ಸ್ಟೆಪ್ನಿ, ಬಂಪರು, ತನ್ನ ಹತಾರದ ಪೆಟ್ಟಿಗೆ ಎಲ್ಲ ಇಳಿಸಿ ಗಾಡಿಯನ್ನು ಹಗುರ ಮಾಡಿದ. ಇಳಿಜಾರು ಬಂದಲ್ಲೆಲ್ಲ ಎಂಜಿನ್ನು ಆರಿಸಿ ಉರುಳಲು ಬಿಟ್ಟ. ಬಿಸಿಲಿಗೆ ಹುಡುಗಿಯರು ತಲೆಯ ಮೇಲೆ ಸೆರಗು ಹೊದ್ದು, ಗಾಳಿಗೆ ಹಾರದಂತೆ ಪುಸ್ತಕಗಳನ್ನು ಎದೆಗೆ ಒತ್ತಿ ಕೂತರು.

ಕೊನೆಯ ಪರೀಕ್ಷೆ ಮುಗಿಸಿಕೊಂಡು ಮರಳುವಾಗ, ಡಂಬಳದ ಕೆರೆಯ ಏರಿ ಕಾಣುತ್ತಿದ್ದ ಹಾಗೆ ಟಾಂಕಿ ಒಣಗಿತು. ಖಾಸಿಂಸಾಬ ಕೋಲು ಇಳಿಸಿ ನೋಡಿದ. ತುದಿಯೂ ಹಸಿಯಾಗಲಿಲ್ಲ.

"ಮುಗೀತ್ರೆವ್ವಾ," ಅಂದ.

"ನಮ್ದೂ ಮುಗೀತ್ರಿ ಕಾಕಾ!" ಎಂದು ದ್ರಾಕ್ಷಾಯಣಿ ಕೆಳಗೆ ಜಿಗಿದಳು. ಆರೂ ಜನ ಸೆರಗು ಸಿಕ್ಕಿಸಿ ಹಿಂದಿನಿಂದ ಕೈ ಕೊಟ್ಟರು. ಖಾಸಿಂಸಾಬನೂ ತಳ್ಳಲು ಹೋದ. ಸ್ಟೇರಿಂಗ್ ಹಿಡಿಯಲು ಯಾರೂ ಉಳಿಯಲಿಲ್ಲವಾದ್ದರಿಂದ ಜೈಬುನ್ನೀಸಾ ಹತ್ತಿ ಕೂತಳು. "ಸೀದಾ ನೋಡು, ಸೀದಾ!" ಎಂದು ಅವನು ಕೂಗುತ್ತಿದ್ದ. "ನೀವು ತಳ್ಳೂದು ನೋಡ್ರಿ!" ಎಂದು ಅವಳು. ಏರಿಯ ಮೇಲೆ ಕಾಯುತ್ತಿದ್ದ ತೋಟಪ್ಪ ಓಡಿಬಂದು ಮಗಳ ಪಕ್ಕದಲ್ಲಿ ತಾನೂ ಹೆಗಲು ಕೊಟ್ಟ.

ಜೂನಿನಲ್ಲಿ ಫಲಿತಾಂಶ ಬಂತು. ಐವರು ಪಾಸು. ಒಬ್ಬಳದು ಇಂಗ್ಲಿಷ್ ಉಳಿಯಿತು, ಅಕ್ಟೋಬರಿಗೆ ಮತ್ತೆ ಕಟ್ಟಿದಳು. ಫಲಿತಾಂಶ ಬಂದ ತಿಂಗಳೇ ಕೋರ್ಟಿನಲ್ಲಿ ಖಾಸಿಂಸಾಬ ತಪ್ಪು ಒಪ್ಪಿಕೊಂಡ. ನ್ಯಾಯಾಧೀಶರು ದಂಡ ಹಾಕಿ, ಕನ್ನಡಕದ ಮೇಲಿನಿಂದ ನೋಡಿದರು.

"ಇನ್ನೊಮ್ಮೆ ಮಾಡುತ್ತೀಯೇನು?"

"ಪರವಾನಗಿ ಸಿಕ್ಕರ ಮಾಡತೀನ್ರಿ."

ದಂಡ ಕಟ್ಟಿದವನು ಮನೆಗೆ ಹೋಗಲಿಲ್ಲ. ಮಾಸ್ತರರ ಹತ್ತಿರ ಬರೆಸಿದ್ದ ಪರವಾನಗಿಯ ಅರ್ಜಿಯನ್ನು ಅಂಗಿಯ ಜೇಬಿನಿಂದ ತೆಗೆದು, ಮತ್ತೆ ಓಡತೊಡಗಿದ್ದ ಬಸ್ಸು ಹಿಡಿದು ಗದಗಿಗೆ ಹೋಗಿ ಅಬಕಾರಿ ಕಚೇರಿಯ ಕಾರಕೂನನ ಮುಂದಿಟ್ಟ. ಜೊತೆಗೆ ಸಾಬೀರಾ ಇದ್ದಳು. ಕಾರಕೂನ ತಿರುವಿ ನೋಡಿ ಹಿಂದಕ್ಕೆ ತಳ್ಳಿದ. "ಮೂರು ಪ್ರತಿ ಬೇಕು. ನಾಳೆ ಬರ್ರಿ."

"ನಾಳಿ ಯಾಕ್ರಿ?" ಅಂದ ಖಾಸಿಂಸಾಬ. ಮೆಟ್ಟಿಲ ಮೇಲೆ ನೆರಳು ನೋಡಿ ಕೂತು, ಎದುರಿನ ಅಂಗಡಿಯಿಂದ ಹಾಳೆ ತರಿಸಿದ. ಸಾಬೀರಾ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಎರಡನೆಯ ಪ್ರತಿ ಬರೆಯತೊಡಗಿದಳು.