ಐದು ಗಂಟೆಯ ಗಡುವು

ರಿಪೇರಿ ಅಂಗಡಿ ತೆರೆದು ಹತ್ತೊಂಬತ್ತು ವರ್ಷವಾಗಿತ್ತು. ನೀರಿಗೆ ಬಿದ್ದ ಫೋನು, ಗಂಡ ಹೆಂಡಿರ ಜಗಳದಲ್ಲಿ ಗೋಡೆಗೆ ಬಡಿದ ಫೋನು, ಮಗು ಚೀಪಿ ಚೀಪಿ ಮೂಕವಾದ ಫೋನು, ಎಲ್ಲವನ್ನೂ ಸ್ಕ್ರೂ ಅಕ್ಕ ಬಿಚ್ಚಿ ಜೋಡಿಸಿದ್ದಳು. ಸದಾ ಕಿವಿಯ ಹಿಂದೆ ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದಳೆಂದು ಬೀದಿಯವರು ಇಟ್ಟ ಹೆಸರು ಅದು. ಆದರೆ ಚೆನ್ನಾಗಿರುವ ಫೋನನ್ನು ಕೆಡಿಸಿಕೊಡಿ ಎಂದು ಕೇಳಿಕೊಂಡು ಅದುವರೆಗೆ ಯಾರೂ ಬಂದಿರಲಿಲ್ಲ.

ಕೇಳಿದವಳಿಗೆ ಹದಿಮೂರೋ ಹದಿನಾಲ್ಕೋ ವರ್ಷ. ಶಾಲೆಯ ಸಮವಸ್ತ್ರ, ಬೆನ್ನಿಗೆ ಚೀಲ. ಗಂಟೆ ಮೂರೂಮುಕ್ಕಾಲು.

"ಯಾರೂ ಸರಿಮಾಡೋಕೆ ಆಗಬಾರದು ಆಂಟಿ. ತಾನಾಗೇ ಕೆಟ್ಟುಹೋಯ್ತು ಅನ್ನೋ ಥರ ಇರಬೇಕು."

ಸ್ಕ್ರೂ ಅಕ್ಕ ನಗಬೇಕೆಂದುಕೊಂಡಳು. ಅಷ್ಟರಲ್ಲಿ ಮೇಜಿನ ಮೇಲಿಟ್ಟ ಆ ಫೋನು ಗುರ್ರೆಂದಿತು. ಹುಡುಗಿ ಯಾರೋ ಬೆನ್ನಿಗೆ ಹೊಡೆದವರಂತೆ ಬೆಚ್ಚಿದಳು. ಮತ್ತೆ ಗುರ್ರೆಂದಿತು, ಮತ್ತೆ ಬೆಚ್ಚಿದಳು. ಸ್ಕ್ರೂ ಅಕ್ಕನ ನಗು ಬಾಯಲ್ಲೇ ಉಳಿಯಿತು.

"ಒಳಗೆ ಬಾ ಪುಟ್ಟಿ. ಆ ಸ್ಟೂಲ್ ಮೇಲೆ ಕೂತ್ಕೋ. ಇದೊಂದು ಬ್ಯಾಟರಿ ಹಾಕಿಬಿಡ್ತೀನಿ."

ಹುಡುಗಿಯ ಫೋನನ್ನು ಅವಳು ಮುಟ್ಟಲಿಲ್ಲ. ಯಾರದೋ ಹಳೇ ಫೋನಿನ ಬೆನ್ನು ಬಿಚ್ಚುತ್ತ, ಭೂತಕನ್ನಡಿಯಿಂದ ಕಣ್ಣೆತ್ತದೆ, ಹವಾಮಾನ ಕೇಳುವವಳ ಹಾಗೆ ಕೇಳಿದಳು: "ಯಾರು ಅಷ್ಟೊಂದು ಮೆಸೇಜ್ ಹಾಕ್ತಿರೋದು?"

ಎರಡು ಸ್ಕ್ರೂ ಬಿಚ್ಚಿದಳು. ಮೂರನೆಯದು ಬರುವಾಗ ಹುಡುಗಿ ಬಾಯಿಬಿಟ್ಟಳು.

ಚಿತ್ರ ಬಿಡಿಸುವವರ ಒಂದು ಆನ್‌ಲೈನ್ ಗುಂಪಿನಲ್ಲಿ ಪರಿಚಯವಾಗಿತ್ತಂತೆ. ಆ ಕಡೆಯವರು ಹದಿನೈದು ವರ್ಷದ ಹುಡುಗಿ ಅಂತ ಹೇಳಿಕೊಂಡಿದ್ದರಂತೆ. ಮೂರು ತಿಂಗಳು ಬರೀ ಬಣ್ಣ, ಪೆನ್ಸಿಲ್, ಟೀಚರುಗಳ ಮೇಲಿನ ಜೋಕು. ಆಮೇಲೆ ಗುಟ್ಟುಗಳು. ಆಮೇಲೆ, ನಾನು ಕಳಿಸಿದೀನಲ್ಲ ನೀನೂ ಕಳಿಸು ಎಂದು, ಕಳಿಸಬಾರದಿದ್ದ ಒಂದು ಫೋಟೋ. ಅದು ಕೈಸೇರಿದ ಮರುಕ್ಷಣವೇ ಮಾತಿನ ಧಾಟಿ ಬದಲಾಗಿತ್ತು. ಇನ್ನಷ್ಟು ಬೇಕು, ಇವತ್ತು ಸಂಜೆ ಐದರೊಳಗೆ ಬೇಕು, ಇಲ್ಲದಿದ್ದರೆ ಇರುವುದು ತರಗತಿಯವರಿಗೆಲ್ಲ ಹೋಗುತ್ತದೆ.

ಇದು ಹುಡುಗಿಯಲ್ಲ, ಯಾವನೋ ಗಂಡಸು ಎಂದು ಸ್ಕ್ರೂ ಅಕ್ಕನಿಗೆ ಹೊಳೆಯಿತು, ಮೈ ಉರಿದುಹೋಯಿತು. ಆ ಫೋನೆತ್ತಿ, ಅವನ ಏಳು ತಲೆಮಾರಿಗೂ ಸಾಕಾಗುವಷ್ಟು ಬೈದು ಬರೆಯಬೇಕೆನ್ನಿಸಿತು. ಕೈ ಅರ್ಧ ದಾರಿ ಹೋಗಿಯೂ ಇತ್ತು. ಬೈದರೆ ನನ್ನ ಹೊಟ್ಟೆ ತಣ್ಣಗಾದೀತು, ಇವಳಿಗೇನು ಬಂತು ಎಂದುಕೊಂಡು ಹಿಂತೆಗೆದಳು.

"ಇದರಲ್ಲಿ ತಪ್ಪು ಮಾಡಿರೋನು ಅವನು," ಎಂದಳು. "ಇದನ್ನ ಮೊದಲು ತಲೆಗೆ ಹಾಕ್ಕೋ."

"ಅಮ್ಮನಿಗೆ ಹೇಳಬೇಡಿ ಆಂಟಿ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ."

ಹೂಂ ಎಂದುಬಿಡುವುದು ಎಷ್ಟು ಸುಲಭವಿತ್ತು. ಹುಡುಗಿಯ ಕಣ್ಣು ಅಷ್ಟು ಬೇಡುತ್ತಿತ್ತು.

"ಆ ಆಣೆ ಮಾತ್ರ ಮಾಡೋಕಾಗಲ್ಲ ಮಗಳೇ. ಇದು ನಾವಿಬ್ಬರೇ ಹೊರೋ ಭಾರ ಅಲ್ಲ. ಆದ್ರೆ ನಿನಗೆ ಹೇಳದೆ ಒಂದು ಹೆಜ್ಜೇನೂ ಇಡಲ್ಲ. ಇದನ್ನ ಬೇಕಾದ್ರೆ ಬರೆದುಕೊಡ್ತೀನಿ."

ಹುಡುಗಿ ಅತ್ತಳು. ಅಳಲು ಬಿಟ್ಟು ಸ್ಕ್ರೂ ಅಕ್ಕ ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು, ಮಕ್ಕಳ ಸಹಾಯವಾಣಿಗೆ ಫೋನು ಹಚ್ಚಿದಳು. ಮೊದಲ ಸಲ ಲೈನು ಬಿಡುವಿರಲಿಲ್ಲ. ಎರಡನೆಯ ಸಲ ಸಂಗೀತ ಕೇಳಿಸಿ ಕೇಳಿಸಿ ಕಡಿದುಹೋಯಿತು. ಮೂರನೆಯ ಸಲ ಒಬ್ಬ ಹೆಂಗಸಿನ ದನಿ ಸಿಕ್ಕಿತು, ಅವಸರವಿಲ್ಲದ ದನಿ. ಸ್ಪೀಕರ್ ಹಾಕಿ ಫೋನನ್ನು ಹುಡುಗಿಯ ಮುಂದಿಟ್ಟಳು.

ಉತ್ತರ ಕೊಡಬೇಡ, ಏನನ್ನೂ ಕಳಿಸಬೇಡ, ಏನನ್ನೂ ಅಳಿಸಬೇಡ ಎಂದಿತು ಆ ದನಿ. ಒಮ್ಮೆ ಕೊಟ್ಟರೆ ಅವರು ನಿಲ್ಲುವುದಿಲ್ಲ, ಇನ್ನಷ್ಟು ಕೇಳುತ್ತಾರೆ. ಅವನ ಮಾತು, ಖಾತೆಯ ಹೆಸರು, ದಿನ, ಗಂಟೆ, ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರ ಮಕ್ಕಳ ವಿಭಾಗಕ್ಕೆ ಹೋಗಬೇಕು. "ನಾನೂ ಅಲ್ಲಿಗೆ ಫೋನ್ ಮಾಡಿ ಹೇಳಿರ್ತೀನಿ. ನಿಮ್ಮ ಮನೇಲಿ ಯಾರಿಗೆ ಹೇಳಿದ್ರೆ ನಿಂಗೆ ಸ್ವಲ್ಪ ಕಡಿಮೆ ಭಯ ಆಗುತ್ತೆ?"

ಹುಡುಗಿಯ ಅಪ್ಪ ಲಾರಿ ಓಡಿಸುವವನು, ಊರಲ್ಲಿರಲಿಲ್ಲ. "ಅಮ್ಮನಿಗೇ," ಎಂದಳು ಅವಳು. "ಆದ್ರೆ ನೀವು ಇರಬೇಕು."

ತಾಯಿ ಎರಡು ಬೀದಿಯಾಚೆ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಡುವವಳು. ಸ್ಕ್ರೂ ಅಕ್ಕನ ಫೋನು ಬಂದ ಕೂಡಲೇ, ಅಳತೆಯ ಟೇಪು ಕೊರಳಲ್ಲಿ ನೇತಾಡುತ್ತಿರುವಂತೆಯೇ ಏದುಸಿರು ಬಿಡುತ್ತ ಬಂದಳು. ಮಗಳು ಬಾಯಿಬಿಡಲಾರದೆ ಸ್ಕ್ರೂ ಅಕ್ಕನ ಕಡೆ ನೋಡಿದಳು. ಅಕ್ಕ ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದಳು. ತಾಯಿಯ ಮುಖ ಕಪ್ಪಿಟ್ಟಿತು.

"ಬುದ್ಧಿ ಎಲ್ಲಿಟ್ಟಿದ್ದೆ ನೀನು? ಯಾಕೆ ಕಳಿಸಿದೆ ಅಂಥದ್ದನ್ನ?"

"ಅದನ್ನೆಲ್ಲ ಆಮೇಲೆ ಕೇಳಮ್ಮ," ಎಂದಳು ಸ್ಕ್ರೂ ಅಕ್ಕ. ದನಿ ಏರಿಸಲಿಲ್ಲ, ಆದರೆ ಜಾಗವನ್ನೂ ಬಿಡಲಿಲ್ಲ. "ಐದಕ್ಕೆ ಇನ್ನು ಹನ್ನೆರಡು ನಿಮಿಷ ಇದೆ. ಅವನು ಹೆದರಿಸ್ತಿದಾನೆ. ನೀನೂ ಹೆದರಿಸಿದ್ರೆ ಇವಳು ಎಲ್ಲಿಗೆ ಹೋಗಬೇಕು?"

ತಾಯಿ ಟೇಪು ತೆಗೆದು ಚೀಲಕ್ಕೆ ತುರುಕಿದಳು. ಇದ್ದೊಂದು ಸ್ಟೂಲಿನಲ್ಲೇ ಮಗಳನ್ನು ಸರಿಸಿ ಪಕ್ಕದಲ್ಲಿ ಕೂತು, ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಒಬ್ಬಳೇ ಎಷ್ಟು ದಿನ ಇಟ್ಕೊಂಡಿದ್ಯೇ ಇದನ್ನ," ಎಂದಳು. ಆ ಮಾತಿಗೆ ಹುಡುಗಿ ತಾಯಿಯ ಭುಜಕ್ಕೆ ಮುಖ ಒತ್ತಿದಳು.

ಐದಾಯಿತು. ಸಮಯ ಮುಗಿಯಿತು ಎಂದು ಮೆಸೇಜು ಬಂತು. ಐದು ನಿಮಿಷ ಬಿಟ್ಟು, ಇನ್ನರ್ಧ ಗಂಟೆ ಕೊಡುತ್ತೇನೆ ಎಂದು ಬಂತು.

"ನೋಡು, ಚೌಕಾಸಿಗೆ ಇಳಿದ," ಎಂದಳು ಸ್ಕ್ರೂ ಅಕ್ಕ. "ಇದನ್ನೂ ಸ್ಕ್ರೀನ್‌ಶಾಟ್ ತೆಗಿ." ಹುಡುಗಿಯೇ ತೆಗೆದಳು. ಒಂದೂ ತಪ್ಪಲಿಲ್ಲ. ಒಟ್ಟು ನಲವತ್ತೊಂದು ಆದವು.

ಪೊಲೀಸ್ ಠಾಣೆಯ ಬಾಗಿಲಲ್ಲೇ ಕೂತಿದ್ದ ಗುಮಾಸ್ತ, ನಂಬರ್ ಬ್ಲಾಕ್ ಮಾಡಿ ಮನೆಗೆ ಹೋಗಿ, ಬೇಕಿದ್ದರೆ ನಾಳೆ ಬನ್ನಿ ಎಂದ. ಮುಂಜಾನೆಯಿಂದ ನಿಂತು ಬಟ್ಟೆ ಕತ್ತರಿಸಿದ್ದ ತಾಯಿ ಅವನೆದುರಿನ ಬೆಂಚಿನ ಮೇಲೆ ಕೂತಳು.

"ಮಕ್ಕಳ ವಿಭಾಗದವರು ಬರೋವರೆಗೂ ಇಲ್ಲೇ ಇರ್ತೀವಿ ಸಾರ್. ಸಹಾಯವಾಣಿಯವರು ಅವರಿಗೆ ಹೇಳಿದಾರೆ. ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ."

ಗುಮಾಸ್ತ ಎರಡು ಸಲ ಕೆಮ್ಮಿದ, ಕಡತ ಮಗುಚಿದ, ಕೊನೆಗೆ ಎದ್ದು ಒಳಗೆ ಹೋದ. ಮುಕ್ಕಾಲು ಗಂಟೆಯಾದ ಮೇಲೆ ಬಂದ ಮಹಿಳಾ ಅಧಿಕಾರಿ ಹುಡುಗಿಯನ್ನು ಒಂದು ಸಣ್ಣ ಕೋಣೆಯಲ್ಲಿ ತಾಯಿಯ ಜೊತೆಗೇ ಕೂರಿಸಿ, ಒಂದೊಂದನ್ನೂ ಬರೆದುಕೊಂಡಳು. ಯಾಕೆ ಕಳಿಸಿದೆ ಎಂದು ಒಂದು ಸಲವೂ ಕೇಳಲಿಲ್ಲ.

ಎಲ್ಲವೂ ಹೂವೆತ್ತಿದಂತೆ ಮುಗಿಯಲಿಲ್ಲ. ಮರುದಿನ ಅವನು ಆ ಫೋಟೋವನ್ನು ತರಗತಿಯ ಇಬ್ಬರಿಗೆ ಕಳಿಸಿಯೇಬಿಟ್ಟ. ಒಬ್ಬಳು ತಕ್ಷಣ ಕ್ಲಾಸ್ ಟೀಚರಿಗೆ ಹೇಳಿದಳು. ಇನ್ನೊಬ್ಬ ಅದನ್ನು ಗೆಳೆಯನಿಗೆ ತೋರಿಸಿದ. ಅಧಿಕಾರಿ ಹಿಂದಿನ ಸಂಜೆಯೇ ತಿಳಿಸಿದ್ದರಿಂದ ಶಾಲೆಯವರು ಸಿದ್ಧರಿದ್ದರು. ಹುಡುಗರಿಬ್ಬರ ತಂದೆತಾಯಿಯನ್ನು ಕರೆಸಿದರು, ಅವರೆದುರೇ ಅದನ್ನು ಅಳಿಸಿಹಾಕಿಸಿದರು. ಊರಿಗೆ ಮರಳಿದ ಅಪ್ಪ ಎರಡು ದಿನ ಮಗಳ ಜೊತೆ ಮಾತಾಡಲಾರದೆ ಒದ್ದಾಡಿ, ಮೂರನೆಯ ದಿನ ತಾನೇ ಅವಳನ್ನು ಶಾಲೆಯ ಬಾಗಿಲಿನವರೆಗೆ ನಡೆಸಿಕೊಂಡು ಹೋಗಿ ಬಿಟ್ಟುಬಂದ. ಕಾರಿಡಾರಿನಲ್ಲಿ ಕೆಲವರು ಪಿಸುಗುಟ್ಟಿದರು. ಹುಡುಗಿ ತಲೆ ತಗ್ಗಿಸಿಕೊಂಡೇ ತರಗತಿಗೆ ಹೋದಳು, ಆದರೆ ಹೋದಳು. ವಾರಕ್ಕೊಂದು ಸಲ ಆಪ್ತಸಮಾಲೋಚಕಿಯ ಬಳಿ ಕೂತು ಮಾತಾಡತೊಡಗಿದಳು.

ಆರು ವಾರಕ್ಕೆ ಅವನು ಸಿಕ್ಕಿದ. ನಲವತ್ತು ದಾಟಿದವನು, ಸಂಸಾರಸ್ಥ. ಅವನ ಕಂಪ್ಯೂಟರಿನಲ್ಲಿ ಇನ್ನೂ ಹನ್ನೊಂದು ಮಕ್ಕಳ ಮಾತುಕತೆಗಳಿದ್ದವು. ಒಬ್ಬರೂ ಯಾರಿಗೂ ಹೇಳಿರಲಿಲ್ಲ.

ಸಾಕ್ಷಿ ಹೇಳಲು ಕರೆ ಬಂದ ದಿನ ಸ್ಕ್ರೂ ಅಕ್ಕ ಅಂಗಡಿಗೆ ಬೀಗ ಹಾಕಿ ಹೋದಳು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದಳು. ಅವನ ವಕೀಲ ತಿರುಗಿಸಿ ಮುರುಗಿಸಿ ಕೇಳಿದ: "ಫೋನ್ ಹಾಳುಮಾಡೋಕೆ ಅಂತ ಬಂದ ಹುಡುಗಿ ಮಾತನ್ನ ನೀವು ಅಷ್ಟು ಬೇಗ ಹೇಗೆ ನಂಬಿದ್ರಿ?"

"ಫೋನ್ ಗುರ್ರಂದಾಗಲೆಲ್ಲ ಅವಳು ಬೆಚ್ಚಿಬೀಳ್ತಿದ್ದಳು ಸಾರ್," ಎಂದಳು. "ನಾನು ನಂಬದೇ ಹೋಗಿದ್ರೆ ಐದು ಗಂಟೆಗೆ ಅವಳು ಒಬ್ಬಳೇ ಇರ್ತಿದ್ದಳು."

ಕೋರ್ಟಿನವರು ಟೈಪು ಮಾಡಿಕೊಟ್ಟ ತನ್ನ ಮೂರು ಪುಟದ ಹೇಳಿಕೆಯನ್ನು ಒಂದಕ್ಷರ ಬಿಡದೆ ಓದಿ ನೋಡಿದಳು. ಒಂದು ಕಡೆ ಗಂಟೆ ತಪ್ಪಾಗಿ ಬಿದ್ದಿತ್ತು. ಅದನ್ನು ತಿದ್ದಿಸಿ, ಪ್ರತಿ ಪುಟಕ್ಕೂ ತನ್ನ ಸಹಿ ಹಾಕಿದಳು.